ಮಂಗ ಸತ್ತರೆ ಮನುಷ್ಯರ ಆಸ್ಪತ್ರೆಗೆ ಯಾಕೆ ಫೋನ್? ಕಾಡು, ಕೊಟ್ಟಿಗೆ, ಮನೆ ಮೂರನ್ನೂ ಸೇರಿಸಿ ಓದುವ ಓದು ಇದು

ಸಾಗರ: ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದು ಅರಣ್ಯ ಇಲಾಖೆಯ ಲೆಕ್ಕ. ಅದನ್ನು ಕೊಯ್ದು ಸ್ಯಾಂಪಲ್ ತೆಗೆಯೋರು ಪಶು ವೈದ್ಯರು. ಅದರ ಮೈಮೇಲಿಂದ ಇಳಿದ ಉಣುಗು ಕಚ್ಚಿ ಜ್ವರ ಬರೋದು ದರಕು ಗುಡಿಸಲು ಹೋದವರಿಗೆ, ಅದು ಆರೋಗ್ಯ ಇಲಾಖೆಯ ಲೆಕ್ಕ. ಮೇಯಲು ಹೋದ ದನ ಅದೇ ಉಣುಗನ್ನು ಹೊತ್ತು ಓಡಾಡಿದರೆ ಮತ್ತೆ ಪಶು ಇಲಾಖೆ. ಒಂದೇ ಕಾಯಿಲೆ, ಮೂರು ಆಫೀಸು, ಮೂರು ಬೇರೆ ಬೇರೆ ರಿಜಿಸ್ಟರ್.

ಈ ಮೂರೂ ರಿಜಿಸ್ಟರನ್ನು ಒಟ್ಟಿಗೆ ಇಟ್ಟುಕೊಂಡು ನೋಡೋರು ಯಾರು? ಅದಕ್ಕೇ ಒಂದು ಓದು ಇದೆ. ಪ್ರಾಣಿಗಳ ಆರೋಗ್ಯ ಮತ್ತು ಮನುಷ್ಯರ ಆರೋಗ್ಯ ಎರಡನ್ನೂ ಜೋಡಿಸಿ ಮಾಡುವ ಬಯೋಮೆಡಿಕಲ್ ಸಂಶೋಧನೆ. ಇತ್ತೀಚೆಗೆ ಇದನ್ನು 'ಒನ್ ಹೆಲ್ತ್' ಅಂತಾರೆ. ಪಿಯುಸಿ ಮುಗಿಸಿದ ಮಕ್ಕಳಿಗೆ ವೆಟರ್ನರಿ ಸೀಟು ಸಿಕ್ಕಾಗ 'ದನದ ಡಾಕ್ಟ್ರಾ?' ಅಂತ ಮೂಗು ಮುರಿಯೋರು ಇನ್ನೂ ಇದ್ದಾರೆ. ಆ ಸೀಟಿನಿಂದ ದಾರಿ ಎಲ್ಲಿಯವರೆಗೆ ಹೋಗುತ್ತೆ ಅಂತ ಗೊತ್ತಾಗಲು ಬೇರೆ ಎಲ್ಲೂ ಹೋಗಬೇಕಿಲ್ಲ, ನಮ್ಮದೇ ಜಿಲ್ಲೆಯ ಕಾಯಿಲೆಯ ಕಥೆ ನೋಡಿದರೆ ಸಾಕು.

ಕ್ಯಾಸನೂರಿಗೆ ಯಾರ್ಯಾರು ಬಂದಿದ್ದರು

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನಿಂದ ತಂಡ ಬಂತು. ಇವತ್ತು ಎನ್‌ಐವಿ ಅಂತ ಕರೆಯೋದು ಅದೇ ಸಂಸ್ಥೆಯನ್ನು. ಮೊದಲಿಗೆ ಅವರಿಗೆ ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಜನರನ್ನೂ ಕಾಡುತ್ತಿದ್ದ ಆ ಕಾಯಿಲೆ ಭಾರತಕ್ಕೆ ಕಾಲಿಟ್ಟಿತಾ ಅನ್ನೋ ಭಯ. ಸತ್ತ ಮಂಗನಲ್ಲಿ ಸಿಕ್ಕಿದ್ದು ಮಾತ್ರ ಪ್ರಪಂಚಕ್ಕೇ ಹೊಸ ವೈರಸ್. ಅದಕ್ಕೆ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ.

ಆಗ ಈ ಕಾಯಿಲೆ ಹಿಂದೆ ಬಿದ್ದವರ ಪಟ್ಟಿ ನೋಡಿ. ಸೆಂಟರ್‌ನ ಮುಖ್ಯಸ್ಥ ಟೆಲ್‌ಫೋರ್ಡ್ ವರ್ಕ್ ವೈದ್ಯರು. ಹೆರಾಲ್ಡ್ ಟ್ರಾಪಿಡೊ ಪ್ರಾಣಿಶಾಸ್ತ್ರದವರು. ಪಿ.ಕೆ. ರಾಜಗೋಪಾಲನ್ ಕೀಟ ತಜ್ಞರು, ಮುಂದೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನಡೆಸಿದವರು. ಕೊಲಂಬಿಯಾ ದೇಶದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದ ಹೋರ್ಹೆ ಬೊಶೆಲ್ ಕೂಡ ಇಲ್ಲಿಗೆ ಬಂದು ಕಾಡು ಸುತ್ತಿದರು. ಇದೇ ಜಾತಿಯ ಇನ್ನೊಂದು ವೈರಸ್ ರಷ್ಯಾದ ಓಮ್ಸ್ಕ್‌ನಲ್ಲಿ ಇದ್ದಿದ್ದರಿಂದ, ಅಲ್ಲಿಂದ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದಾ ಅನ್ನೋ ಪ್ರಶ್ನೆ ಎದ್ದಿತು. ಅದನ್ನು ನೋಡಲು ಪಕ್ಷಿ ತಜ್ಞ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೇ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಬಂತು.

ವೈದ್ಯ, ಕೀಟ ತಜ್ಞ, ಪಕ್ಷಿ ತಜ್ಞ ಎಲ್ಲರೂ ಒಂದೇ ಜ್ವರದ ಬೆನ್ನು ಹತ್ತಿದ್ದರು. 'ಒನ್ ಹೆಲ್ತ್' ಅನ್ನೋ ಬೋರ್ಡು ಆಗ ಇರಲಿಲ್ಲ ಅಷ್ಟೇ.

ಉಣುಗಿನ ಲೆಕ್ಕ

ಮಂಗನ ಕಾಯಿಲೆ ಅಂತ ಹೆಸರಿದ್ದರೂ ಮಂಗ ಇಲ್ಲಿ ಅಪರಾಧಿ ಅಲ್ಲ, ಅದೂ ನಮ್ಮ ಹಾಗೇ ಸಾಯುವ ಪ್ರಾಣಿ. ವೈರಸ್ಸನ್ನು ದಾಟಿಸೋದು ಉಣುಗು, ಅದರಲ್ಲೂ ಹೆಮಾಫೈಸಾಲಿಸ್ ಸ್ಪೈನಿಜೆರಾ ಅನ್ನೋ ಜಾತಿ.

ಈ ಉಣುಗಿನ ಜೀವನದಲ್ಲಿ ಮೂರು ಹಂತ. ಮೊಟ್ಟೆ ಒಡೆದು ಬರುವ ಮರಿ ಇಲಿ, ಮೂಗಿಲಿ, ಹಕ್ಕಿಯಂಥ ಸಣ್ಣ ಜೀವಗಳ ಮೇಲೂ ಮಂಗನ ಮೇಲೂ ಹತ್ತುತ್ತೆ. ಅಲ್ಲಿ ರಕ್ತ ಕುಡಿದು, ಉದುರಿ, ಪೊರೆ ಬಿಟ್ಟು ಎರಡನೇ ಹಂತಕ್ಕೆ ಬರುತ್ತೆ. ಇದೇ ನಿಂಫ್. ಎಳ್ಳಿನ ಕಾಳಿಗಿಂತ ದೊಡ್ಡದಿರಲ್ಲ, ಪಂಚೆ ಮೇಲೆ ಹರಿದಾಡಿದರೂ ಕಣ್ಣಿಗೆ ಬೀಳಲ್ಲ. ಮನುಷ್ಯರಿಗೆ ಕಚ್ಚೋದು ಹೆಚ್ಚಾಗಿ ಇದೇ ಹಂತದಲ್ಲಿ. ಮಳೆ ನಿಂತು ದರಕು ಒಣಗುವ ಹೊತ್ತಿಗೆ ಇವು ಏಳುತ್ತವೆ. ಡಿಸೆಂಬರ್‌ನಿಂದ ಮೇ ತನಕ ಕೇಸು ಜಾಸ್ತಿ ಆಗೋದು ಅದಕ್ಕೇ. ನಾವು ಕಟ್ಟಿಗೆ, ಸೊಪ್ಪು, ದರಕು ಅಂತ ಬೆಟ್ಟ ಹತ್ತೋದೂ ಅದೇ ತಿಂಗಳುಗಳಲ್ಲಿ.

ಮೂರನೇ ಹಂತದ ದೊಡ್ಡ ಉಣುಗಿಗೆ ದೊಡ್ಡ ಪ್ರಾಣಿಯೇ ಬೇಕು. ಕಾಡಿನಲ್ಲಿ ಜಿಂಕೆ, ಕಾಡುಕೋಣ ಇದ್ದರೆ ಅವು, ಇಲ್ಲದಿದ್ದರೆ ಮೇಯಲು ಬಿಟ್ಟ ದನ. ಹೊಟ್ಟೆ ತುಂಬಾ ರಕ್ತ ಕುಡಿದ ಹೆಣ್ಣು ಉದುರಿ ಸಾವಿರದ ಲೆಕ್ಕದಲ್ಲಿ ಮೊಟ್ಟೆ ಇಡುತ್ತೆ. ಅಂದರೆ ದನಕ್ಕೆ ಕಾಯಿಲೆ ಬರದಿದ್ದರೂ ಉಣುಗಿನ ಸಂಸಾರ ಬೆಳೆಯೋದು ದನದ ಮೇಲೆ. ಹಾಲಿನ ವ್ಯಾಪಾರದವರು ಗಾಬರಿ ಆಗಬೇಕಿಲ್ಲ. ಹಾಲಿನಿಂದ ಈ ಕಾಯಿಲೆ ಜನರಿಗೆ ಹರಡಿದ್ದು ಎಲ್ಲೂ ದಾಖಲಾಗಿಲ್ಲ. ಕಾಯಿಲೆ ಬಂದವರನ್ನು ಮುಟ್ಟಿದರೂ ಹರಡಲ್ಲ.

ಬೊಶೆಲ್ 1969ರಲ್ಲಿ ಬರೆದ ಲೇಖನದಲ್ಲಿ ಹೇಳಿದ್ದು ಇದನ್ನೇ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸತೊಡಗಿದ ಮೇಲೆ ಉಣುಗು ಹೆಚ್ಚಿತು, ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ ಹೊರಗೆ ಬಂತು ಅಂತ. ಐವತ್ತು ವರ್ಷದ ನಂತರ ಇದೇ ಮಾತನ್ನು ಕಂಪ್ಯೂಟರ್ ನಕ್ಷೆಯಲ್ಲಿ ಪರೀಕ್ಷೆ ಮಾಡಲಾಯಿತು. ಬೆಂಗಳೂರಿನ ಏಟ್ರೀ, ಯಲಹಂಕದ ನಿವೇದಿ, ಬ್ರಿಟನ್ನಿನ ಪರಿಸರ ಸಂಶೋಧನಾ ಸಂಸ್ಥೆ, ನಮ್ಮ ಆರೋಗ್ಯ ಇಲಾಖೆ ಮುಂತಾದವರು ಸೇರಿ 'ಮಂಕಿ ಫೀವರ್ ರಿಸ್ಕ್' ಅನ್ನೋ ಯೋಜನೆ ನಡೆಸಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಅಂತ ತೇಲಿತು. ಮಲೆನಾಡಿನಲ್ಲಿ ಯಾವ ಊರು ಹಾಗಿಲ್ಲ ಹೇಳಿ!

ಗಮನಿಸಬೇಕಾದ್ದು, ಈ ನಕ್ಷೆ ಮಾಡಲು ಜ್ವರದ ಕೇಸಿನ ಪಟ್ಟಿ ಒಂದೇ ಸಾಲದು. ಜಾನುವಾರು ಗಣತಿಯೂ ಬೇಕು, ಉಪಗ್ರಹ ಚಿತ್ರವೂ ಬೇಕು. ಬರೀ ಎಂಬಿಬಿಎಸ್ ಓದಿದವರಿಗೆ ಜಾನುವಾರು ಗಣತಿ ಓದಲು ಯಾರೂ ಕಲಿಸಿರಲ್ಲ. ಬರೀ ವೆಟರ್ನರಿ ಓದಿದವರಿಗೆ ಆಸ್ಪತ್ರೆಯ ದಾಖಲೆ ಹೊಸದು. ಪಿಜಿ, ಪಿಎಚ್‌ಡಿಯಲ್ಲಿ ಕಲಿಯೋದು ಈ ಸೇತುವೆಯ ಕೆಲಸ.

ಕಲಿಯದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಸುಮಾರು ಐವತ್ತು ವರ್ಷ ಈ ಕಾಯಿಲೆ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳದ್ದು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಆ ಕಳೇಬರಗಳನ್ನು ಎತ್ತಿ ಸುಡುವ ಕೆಲಸ ಮಾಡಿದವರಿಗೇ ಜ್ವರ ಬಂತು, ಪರೀಕ್ಷೆಯಲ್ಲಿ ಕೆಎಫ್‌ಡಿ ಅಂತ ಗೊತ್ತಾಯಿತು. ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. 2018-19ರ ಸೀಸನ್‌ನಲ್ಲಿ ನಮ್ಮ ತಾಲೂಕಿನ ಅರಳಗೋಡು ಸುತ್ತಮುತ್ತ ಆಗಿದ್ದು ಯಾರೂ ಮರೆತಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆ ಇದು. ಇದಕ್ಕೇ ಅಂತ ಔಷಧಿ ಇವತ್ತಿಗೂ ಇಲ್ಲ.

ಲಸಿಕೆ ಯಾಕೆ ನಿಂತಿತು?

ಅಂಗಡಿ ಕಟ್ಟೆಯಲ್ಲಿ ಪ್ರತಿ ವರ್ಷ ಬರುವ ಪ್ರಶ್ನೆ ಇದು. 'ಮೊದಲು ಇಂಜೆಕ್ಷನ್ ಕೊಡ್ತಿದ್ರಲ್ಲ, ಈಗ ಬರೀ ಎಣ್ಣೆ ಕೊಡ್ತಾರೆ' ಅಂತ.

ಆ ಲಸಿಕೆ ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಹೌದು, ದನ ಕುರಿಗಳಿಗೆ ಲಸಿಕೆ ಮಾಡುವ ಸಂಸ್ಥೆಯೇ ಮನುಷ್ಯರಿಗೂ ಮಾಡಿಕೊಡುತ್ತಿತ್ತು. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ಕೊಂದು ಮಾಡಿದ ಲಸಿಕೆ. 1990ರ ದಶಕದ ಆರಂಭದ ಫೀಲ್ಡ್ ಟ್ರಯಲ್‌ನಲ್ಲಿ ಎರಡು ಡೋಸ್ ತಗೊಂಡವರಿಗೆ ಶೇ 93ರ ಆಸುಪಾಸು ರಕ್ಷಣೆ ಕಂಡಿತ್ತು.

ಆದರೆ 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಚಿತ್ರ ಬೇರೆ ಇತ್ತು. ಒಂದು ಡೋಸಿನಿಂದ ಉಪಯೋಗವೇ ಕಾಣಲಿಲ್ಲ. ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಅದೂ ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ಚುಚ್ಚಿದ ಜಾಗದಲ್ಲಿ ನೋವು ಬೇರೆ. ಕೂಲಿ ಬಿಟ್ಟು ಅಷ್ಟು ಸಲ ಯಾರು ಬರ್ತಾರೆ? ಎಷ್ಟೋ ಜನ ಒಂದೇ ಡೋಸಿಗೆ ಕೈ ಮುಗಿದರು. 2022ರಲ್ಲಿ ಪರಿಣಾಮ ಸಾಲದು ಅಂತ ಲಸಿಕೆಯನ್ನೇ ನಿಲ್ಲಿಸಲಾಯಿತು. ಈಗ ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ಎಣ್ಣೆ ಉಣುಗು ಹತ್ತದ ಹಾಗೆ ನೋಡಿಕೊಳ್ಳುತ್ತೆ, ಒಳಗೆ ಹೋದ ವೈರಸ್ಸಿನ ಮೇಲೆ ಏನೂ ಮಾಡಲ್ಲ.

ಹೊಸ ಲಸಿಕೆಯ ಕೆಲಸ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಯಲ್ಲಿದೆ. ಈ ಕಂಪನಿ ದನಗಳ ಕಾಲುಬಾಯಿ ಜ್ವರದ ಲಸಿಕೆಯನ್ನೂ ಮಾಡುತ್ತೆ, ನಾಯಿ ಕಚ್ಚಿದವರಿಗೆ ಕೊಡುವ ರೇಬಿಸ್ ಲಸಿಕೆಯನ್ನೂ ಮಾಡುತ್ತೆ. ಲಸಿಕೆ ಮನುಷ್ಯರ ತೋಳಿಗೆ ಬರುವ ಮೊದಲು ಪ್ರಾಣಿಗಳಲ್ಲಿ ಅದರ ಪರೀಕ್ಷೆ ಆಗಬೇಕು. ಕಾಯಿಲೆ ಮೈಯಲ್ಲಿ ದಿನದಿನಕ್ಕೆ ಹೇಗೆ ಬೆಳೆಯುತ್ತೆ ಅಂತ ಪುಣೆಯ ಎನ್‌ಐವಿ ಕೆಂಪು ಮಂಗಗಳಲ್ಲಿ ಅಧ್ಯಯನ ಮಾಡಿದೆ, ಅದೂ ಗಾಳಿ ಕೂಡ ಶೋಧಿಸಿ ಹೊರಬಿಡುವ ಅತಿ ಬಿಗಿ ಭದ್ರತೆಯ ಲ್ಯಾಬಿನಲ್ಲಿ. ಪ್ರಯೋಗಕ್ಕೆ ಪ್ರಾಣಿ ಬಳಸುವ ಪ್ರತಿ ಸಂಸ್ಥೆಯಲ್ಲೂ ಎಥಿಕ್ಸ್ ಕಮಿಟಿ ಇರಬೇಕು, ಅದರಲ್ಲಿ ಪಶು ವೈದ್ಯರು ಇರಲೇಬೇಕು. ಅಂದರೆ ಮನುಷ್ಯರ ಔಷಧಿ ಇಲ್ಲಿ ತಯಾರಾಗೋದರಲ್ಲಿ 'ದನದ ಡಾಕ್ಟ್ರ' ಸಹಿಯೂ ಇರುತ್ತೆ.

ಹಾಗಾದರೆ ಓದೋದು ಎಲ್ಲಿ, ಎಷ್ಟು ವರ್ಷ?

ದಾರಿ ಒಂದೇ ಇಲ್ಲ. ಹೆಚ್ಚು ಜನ ಹೋಗೋದು ವೆಟರ್ನರಿ ಮೂಲಕ. ಪಿಯುಸಿಯಲ್ಲಿ ಪಿಸಿಬಿ ಓದಿ, ಕೆಇಎ ಕೌನ್ಸೆಲಿಂಗ್‌ನಲ್ಲಿ ಬಿವಿಎಸ್ಸಿ ಸೀಟು. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅರ್ಜಿ ಹಾಕುವಾಗಲೇ ಕಾಗದಪತ್ರ ಸರಿ ಇಟ್ಟುಕೊಳ್ಳಿ. ಬೀದರಿನ ಪಶು ವಿಶ್ವವಿದ್ಯಾಲಯದ ಕೆಳಗೆ ಬರುವ ಒಂದು ಕಾಲೇಜು ಶಿವಮೊಗ್ಗದಲ್ಲೇ ಇದೆ. ಬಿವಿಎಸ್ಸಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ.

ಅದಾದ ಮೇಲೆ ಎಂವಿಎಸ್ಸಿ ಎರಡು ವರ್ಷ. ಮನುಷ್ಯರ ಆರೋಗ್ಯಕ್ಕೆ ಹತ್ತಿರದ ವಿಭಾಗ ಅಂದರೆ ವೆಟರ್ನರಿ ಪಬ್ಲಿಕ್ ಹೆಲ್ತ್. ವೈರಸ್ ಬ್ಯಾಕ್ಟೀರಿಯಾದವರಿಗೆ ಮೈಕ್ರೋಬಯಾಲಜಿ, ಉಣುಗಿನವರಿಗೆ ಪ್ಯಾರಾಸಿಟಾಲಜಿ, ಸತ್ತ ಪ್ರಾಣಿಯಲ್ಲಿ ಕಾರಣ ಹುಡುಕೋರಿಗೆ ಪ್ಯಾಥಾಲಜಿ. ಆಮೇಲೆ ಪಿಎಚ್‌ಡಿ ಕನಿಷ್ಠ ಮೂರು ವರ್ಷ. ಒಟ್ಟು ಕೂಡಿದರೆ ಪಿಯುಸಿ ಆದ ಮೇಲೆ ಹತ್ತೂವರೆ ವರ್ಷ. ಅಮೆರಿಕದ ಡೇವಿಸ್, ಕಾರ್ನೆಲ್‌ನಂಥ ಕಡೆ ಪಶುವೈದ್ಯ ಪದವಿ, ಪಿಎಚ್‌ಡಿ ಎರಡನ್ನೂ ಸೇರಿಸಿ ಓದುವ ವ್ಯವಸ್ಥೆ ಇದೆ. ಇಲ್ಲಿ ಸಾಮಾನ್ಯವಾಗಿ ಒಂದು ಮುಗಿಸಿ ಇನ್ನೊಂದು.

ವೆಟರ್ನರಿ ಸೀಟು ಸಿಗಲಿಲ್ಲ ಅಂದರೆ ಬಾಗಿಲು ಮುಚ್ಚಿತು ಅಂತಲ್ಲ. ಜೂವಾಲಜಿ, ಮೈಕ್ರೋಬಯಾಲಜಿ ಬಿಎಸ್ಸಿ ಮಾಡಿ ಕುವೆಂಪು ವಿವಿಯಂಥ ಕಡೆ ಎಂಎಸ್ಸಿ ಮಾಡಿದವರೂ ಬರಬಹುದು. ಪುಣೆಯ ಎನ್‌ಐವಿಯಲ್ಲಿ ವೈರಾಲಜಿ ಎಂಎಸ್ಸಿಯೇ ಇದೆ. ಕಾಡುಪ್ರಾಣಿ ಕಡೆ ಒಲವಿದ್ದರೆ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎಂಎಸ್ಸಿ ಇದೆ. ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ರೇಬಿಸ್ ಸಂಶೋಧನೆಗೆ ಹೆಸರುವಾಸಿ. ಸೀಟು ಕಡಿಮೆ, ಸ್ಪರ್ಧೆ ಜೋರು, ಅದನ್ನು ಮುಚ್ಚಿಡೋದು ಬೇಡ.

ಪಿಎಚ್‌ಡಿ ಮಾಡೋರ ಕೆಲಸ ಏನು?

ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ ಎಳೆಯೋದು. ನಗಬೇಡಿ, ಉಣುಗು ಹಿಡಿಯುವ ವಿಧಾನ ಇವತ್ತಿಗೂ ಅದೇ. ಪ್ರಾಣಿ ಹಾದುಹೋಯಿತು ಅಂತ ತಿಳಿದು ಎಲೆ ಮೇಲೆ ಕಾಯುವ ಉಣುಗು ಬಟ್ಟೆಗೆ ಅಂಟಿಕೊಳ್ಳುತ್ತೆ. ಅದನ್ನು ಚಿಮಟದಲ್ಲಿ ಹೆಕ್ಕಿ ಸಣ್ಣ ಟ್ಯೂಬಿಗೆ ಹಾಕಿ, ಜಾಗ, ದಿನ ಬರೆಯಬೇಕು. ಲ್ಯಾಬಿನಲ್ಲಿ ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಜಾತಿ ಗುರುತಿಸಿ, ಒಂದೇ ಜಾತಿಯವನ್ನು ಗುಂಪು ಮಾಡಿ ಅರೆದು, ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ಸಿನ ಗುರುತು ಹುಡುಕಬೇಕು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದೇ ಪರೀಕ್ಷೆ. ನೂರಾರು ಟ್ಯೂಬಿನಲ್ಲಿ ಒಂದೂ ಪಾಸಿಟಿವ್ ಬರದೆ ಸೀಸನ್ ಮುಗಿಯಬಹುದು. ಅದನ್ನೂ ಬರೆದಿಡಬೇಕು. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಡಿನೊಳಗೆ ಕಾಲಿಡುವ ಹಾಗಿಲ್ಲ, ಆ ಕಾಗದಕ್ಕೇ ತಿಂಗಳುಗಳು ಹೋದರೂ ಹೋದವು.

ಉಳಿದ ಅರ್ಧ ಕೆಲಸ ಜನರ ಜತೆ. ಯಾವ ತಿಂಗಳು ಬೆಟ್ಟಕ್ಕೆ ಹೋಗ್ತೀರಿ, ದನ ಎಲ್ಲಿ ಮೇಯಿಸ್ತೀರಿ, ಕೊಟ್ಟಿಗೆಗೆ ಹಾಸೋ ದರಕು ಎಲ್ಲಿಂದ ತರ್ತೀರಿ ಅಂತ ಮನೆ ಮನೆ ಕೇಳಬೇಕು. ಈ ಜಾಗದಲ್ಲಿ ದಿಲ್ಲಿ, ಪುಣೆಯಿಂದ ಬಂದವರಿಗಿಂತ ಸಾಗರ, ಸೊರಬ, ತೀರ್ಥಹಳ್ಳಿಯ ಮಕ್ಕಳಿಗೆ ಕೆಲಸ ಸಲೀಸು. ಸೊಪ್ಪಿನಬೆಟ್ಟ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾವ ಮನೆಯವರು ಮಂಗ ಸತ್ತಿದ್ದನ್ನು ಹೇಳ್ತಾರೆ, ಯಾರು ಔಷಧಿ ಪುಡಿ ಹಾಕಲು ಬರ್ತಾರಲ್ಲ ಅಂತ ಸುಮ್ಮನಾಗ್ತಾರೆ ಅನ್ನೋದೂ ಗೊತ್ತಿರುತ್ತೆ.

ಇನ್ನೂ ಉತ್ತರ ಸಿಗದ ಪ್ರಶ್ನೆಗಳು ಬೇಕಾದಷ್ಟಿವೆ. ಒಂದು ಊರಿನಲ್ಲಿ ಜೋರಾಗಿ ಬಂದ ಕಾಯಿಲೆ ನಾಲ್ಕೈದು ವರ್ಷ ಮಾಯವಾದಾಗ ವೈರಸ್ ಯಾವ ಪ್ರಾಣಿಯಲ್ಲಿ ಅಡಗಿರುತ್ತೆ? ಶೇ 93 ಇದ್ದ ಲಸಿಕೆ ಶೇ 62ಕ್ಕೆ ಯಾಕೆ ಇಳಿಯಿತು? ಇಂಥ ಒಂದೊಂದು ಪ್ರಶ್ನೆಯೂ ಒಂದೊಂದು ಪಿಎಚ್‌ಡಿಗೆ ಸಾಕು.

ದುಡ್ಡು, ಕೆಲಸ

ಮನೆಯಲ್ಲಿ ಕೇಳೋ ಮೊದಲ ಪ್ರಶ್ನೆ ಇದೇ. ಸಿಎಸ್‌ಐಆರ್-ಯುಜಿಸಿ ನೆಟ್‌ನಂಥ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಈ ದರ. ಪರೀಕ್ಷೆ ಆಗದೆ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಸೇರಿದರೆ ಪ್ರಾಜೆಕ್ಟ್ ಮುಗಿದ ದಿನ ಸಂಬಳವೂ ಮುಗಿಯಿತು, ಇದು ಮೊದಲೇ ಗೊತ್ತಿರಲಿ.

ಓದು ಮುಗಿಸಿದವರು ವೆಟರ್ನರಿ ಕಾಲೇಜಲ್ಲಿ ಪಾಠ ಮಾಡಬಹುದು, ಐಸಿಎಆರ್, ಐಸಿಎಂಆರ್ ಸಂಸ್ಥೆಗಳಿಗೆ ಹೋಗಬಹುದು, ಲಸಿಕೆ ಮತ್ತು ಔಷಧಿ ಕಂಪನಿ ಸೇರಬಹುದು. 2022ರ ಡಿಸೆಂಬರ್‌ನಲ್ಲಿ ನಾಗ್ಪುರದಲ್ಲಿ ರಾಷ್ಟ್ರೀಯ ಒನ್ ಹೆಲ್ತ್ ಸಂಸ್ಥೆಗೆ ಶಂಕುಸ್ಥಾಪನೆ ಆಗಿದೆ. ಹಾಗಂತ ಹುದ್ದೆಗಳು ಸಾಲುಗಟ್ಟಿ ಕಾದಿವೆ ಅಂತ ಹೇಳಿದರೆ ಸುಳ್ಳಾಗುತ್ತೆ. ಬಿವಿಎಸ್ಸಿ ಮುಗಿಸಿ ಪಶು ವೈದ್ಯಾಧಿಕಾರಿ ಆದವರಿಗೆ ಸಿಗುವ ಭದ್ರತೆ ಸಂಶೋಧನೆಯಲ್ಲಿ ಬೇಗ ಸಿಗಲ್ಲ. ಬಿವಿಎಸ್ಸಿ ಕೈಯಲ್ಲಿದ್ದರೆ ಒಂದು ಸಮಾಧಾನ, ಸಂಶೋಧನೆ ಕೈಕೊಟ್ಟರೂ ಹೊಟ್ಟೆಪಾಡಿಗೆ ಪ್ರಾಕ್ಟೀಸ್ ಇರುತ್ತೆ.

ಸೀಸನ್ ಶುರುವಾಗುವ ಮುನ್ನ

ಸಂಶೋಧಕರು ಯಾವಾಗ ಬೇಕಾದರೂ ಬರಲಿ, ಸತ್ತ ಮಂಗ ಮೊದಲು ಕಾಣೋದು ಊರಿನವರಿಗೆ. ಕಂಡರೆ ಮುಟ್ಟಬೇಡಿ, ಹೂಳಲು ಹೋಗಬೇಡಿ, ಹತ್ತಿರ ದನ ಬಿಡಬೇಡಿ. ಮೈ ತಣ್ಣಗಾದ ಮಂಗನಿಂದ ಉಣುಗು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ಫಾರೆಸ್ಟ್ ಗಾರ್ಡ್‌ಗೆ ಕೂಡಲೇ ತಿಳಿಸಿ. ಕೊಳೆತ ಮೇಲೆ ಸ್ಯಾಂಪಲ್ ಕೆಲಸಕ್ಕೆ ಬರಲ್ಲ.

ಕಾಡಿಗೆ ಹೋಗಿ ಬಂದು ಒಂದು ವಾರದೊಳಗೆ ದಿಢೀರ್ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ತಳ್ಳಬೇಡಿ. ಮೆಡಿಕಲ್ ಶಾಪಿನವರು ಕೂಡ 'ಬೆಟ್ಟಕ್ಕೆ ಹೋಗಿದ್ರಾ?' ಅಂತ ಒಂದು ಮಾತು ಕೇಳಿ, ಹೌದು ಅಂದರೆ ಆಸ್ಪತ್ರೆಗೆ ಕಳಿಸಿ. ಅಲ್ಲಿ ತೆಗೆದ ರಕ್ತ ಶಿವಮೊಗ್ಗದ ವಿಡಿಎಲ್‌ಗೆ ಹೋಗುತ್ತೆ.